ಎತ್ತಿ ಕುಡಿದ ಬಟ್ಟಲು

ಕೊಳ್ಳೇಗಾಲ
೧೪ ನವೆಂಬರ್ ೧೯೮೯, ಮಂಗಳವಾರ

ಪ್ರೀತಿಯ ಮಗ ಗುರುಪ್ರಕಾಶನಿಗೆ,

ನಿನ್ನ ಅವ್ವನ ಸಾವಿರ ಆಶೀರ್ವಾದ, ಜೊತೆಗೆ ಸಾವಿರ ಬೈಗುಳ. ಯಾವುದು ಮೊದಲು ಬೇಕೋ ತೆಗೆದುಕೋ. ಹೊಟ್ಟೆ ಹೇಗಿದೆ? ರಾಯಚೂರಿನ ನೀರು ನಿನಗೆ ಒಗ್ಗಿಲ್ಲ ಎಂದು ರೂಪ ಹೇಳಿದಳು. ಕಾಯಿಸಿ ಕುಡಿ. ಕಂಬ ಹತ್ತುವ ಮುಂಚೆ ಕರೆಂಟು ತೆಗೆದಿದ್ದಾರೋ ಇಲ್ಲವೋ ಎರಡು ಸಲ ಕೇಳು. ಒಂದು ಸಲ ಕೇಳಿದರೆ ಜನ ಸುಮ್ಮನೆ ಹೂಂ ಅಂದುಬಿಡುತ್ತಾರೆ. ಇಲ್ಲಿ ಬಾಣಂತಿ ಚೆನ್ನಾಗಿದ್ದಾಳೆ. ನಿನ್ನ ಮಗಳು ಮೂರು ತಿಂಗಳಿಗೇ ಕುತ್ತಿಗೆ ನಿಲ್ಲಿಸಿ ಬಂದವರನ್ನೆಲ್ಲ ಗುರಾಯಿಸುತ್ತಾಳೆ. ನಮ್ಮ ವಂಶವೇ, ಅನುಮಾನ ಬೇಡ.

ಈಗ ಸುದ್ದಿ ಕೇಳು. ಇಪ್ಪತ್ತಾರನೇ ತಾರೀಖು ಭಾನುವಾರ ಮಗುವಿನ ದೀಕ್ಷಾಸ್ನಾನ. ನೀನು ರಜ ಹಾಕಿ ಬರುವುದು, ನಾನು ಮಗುವನ್ನು ಎತ್ತಿಕೊಂಡು ನೀರಿನ ತೊಟ್ಟಿಯ ಮುಂದೆ ನಿಂತು ಅದರ ಪರವಾಗಿ ದೇವರಿಗೆ ಮಾತು ಕೊಡುವುದು ಎಂದು ಗೊತ್ತು ಮಾಡಿಕೊಂಡಿದ್ದೆವಲ್ಲ, ಅದು ನಡೆಯುವ ಹಾಗೆ ಕಾಣುವುದಿಲ್ಲ. ನಿನ್ನ ಚರ್ಚಿನ ಸಭೆಯವರು ನನ್ನನ್ನು ಹೊರಗಿಟ್ಟಿದ್ದಾರೆ. ನಿನ್ನ ಸಭೆ ಎಂದೇ ಬರೆಯುತ್ತೇನೆ. ರೂಪಳನ್ನು ಮದುವೆಯಾಗಲು ಮೊದಲು ನೀನು ಆ ನೀರಿಗೆ ತಲೆ ಕೊಟ್ಟೆ. ಮನೆ ಒಂದೇ ದಾರಿಯಲ್ಲಿ ನಡೆಯಲಿ ಅವ್ವ ಎಂದು ನನ್ನನ್ನೂ ಕರೆದೊಯ್ದೆ. ಆಮೇಲೆ ರಾಯಚೂರಿನ ಬಸ್ಸು ಹತ್ತಿ ಹೊರಟುಹೋದೆ. ಹೊಳೆ ನಡುವೆ ಇಳಿಸಿ ಹರಿಗೋಲು ತೆಗೆದುಕೊಂಡು ಹೋದವನು ನೀನು.

ಎಲ್ಲ ತಪ್ಪೂ ನಿನ್ನದೇ ಎನ್ನುವುದಿಲ್ಲ. ನಿಮ್ಮಪ್ಪ ಆಸ್ಪತ್ರೆಯಲ್ಲಿ ಕೊನೆಯ ಉಸಿರು ಎಳೆಯುತ್ತಿದ್ದಾಗ, ಡ್ಯೂಟಿ ಮುಗಿದ ಮೇಲೂ ಮನೆಗೆ ಹೋಗದೆ ಅವರ ತಲೆಯ ಬಳಿ ಕೂತು ಪ್ರಾರ್ಥನೆ ಮಾಡಿದ ನರ್ಸಮ್ಮ ಇದೇ ರೂಪ. ಆಗ ನನ್ನ ತವರೂರು ಶಾಗ್ಯದ ಒಂದು ನರಪಿಳ್ಳೆಯೂ ಅಲ್ಲಿರಲಿಲ್ಲ. ಈ ಹುಡುಗಿಯ ದೇವರು ನನಗೂ ಇರಲಿ ಎಂದು ಅವತ್ತೇ ಅನ್ನಿಸಿತ್ತು. ಕೊರಳಿನ ಲಿಂಗದ ಕರಡಿಗೆಯನ್ನು ಬಿಚ್ಚಿ ಟ್ರಂಕಿನಲ್ಲಿಟ್ಟೆ. ನಿನ್ನ ಸೋದರಮಾವ ದೊಡ್ಡಮಾದಪ್ಪ ಅದನ್ನು ಕೇಳಿ, ‘ಲಿಂಗ ಬಿಚ್ಚುದೋಳು ನನ್ ತಂಗಿ ಅಲ್ಲ, ಅವಳ ಕಾಲು ನನ್ ಒಸ್ಲು ದಾಟ್ಕೂಡ್ದು’ ಎಂದು ಹೇಳಿ ಕಳಿಸಿದ. ಅದನ್ನೂ ನುಂಗಿಕೊಂಡೆ.

ಆದರೆ ಈ ಸಭೆಯವರು ನನ್ನನ್ನು ಎರಡು ವರ್ಷ ಹೇಗೆ ನಡೆಸಿಕೊಂಡರು ಎಂದು ನಿನಗೆ ಬರೆದಿರಲಿಲ್ಲ. ಮೊದಲ ಭಾನುವಾರ ಖಾಲಿ ಬೆಂಚು ನೋಡಿ ಕೂತೆ. ‘ಅದು ನಮ್ಮತ್ತೆ ಕುಂತಿದ್ದ ಜಾಗ ಕಣಮ್ಮ’ ಎಂದು ಒಬ್ಬರು ಎಬ್ಬಿಸಿದರು. ಅವರ ಅತ್ತೆ ಸತ್ತು ಹನ್ನೊಂದು ವರ್ಷವಾಗಿತ್ತು! ಕೀರ್ತನೆ ಹಾಡಿದರೆ ಹಾರ್ಮೋನಿಯಂ ಒಂದು ದಾರಿ, ನನ್ನ ಗಂಟಲು ಒಂದು ದಾರಿ. ಮಹಿಳಾ ಕೂಟದ ಮುಖ್ಯಸ್ಥೆ ಸುಜ್ಞಾನಮ್ಮ ಹಿಂದಿನಿಂದ, ‘ಸೋಬಾನೆ ಎಳ್ದಂಗೆ ಎಳೀತಾಳೆ ನೋಡ್ರವ್ವ’ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ನಾನು ಕಾಫಿ ಕೊಟ್ಟರೆ, ‘ಈಗ ತಾನೆ ಕುಡುದ್ವಿ’ ಎನ್ನುತ್ತಿದ್ದಳು. ಅವಳ ಮೂಗಿನ ತುದಿಯಲ್ಲೇ ಕೂತಿದೆ ಸಿಟ್ಟು. ಊರಿಗೆಲ್ಲ ಕಥೆ ಹೇಳಿ ನಗಿಸಿದ ನಾಲಿಗೆ ನನ್ನದು. ಆ ಗೋಡೆಗಳ ಒಳಗೆ ಅದು ಒಣಗಿದ ಹುಣಸೆಕಾಯಿಯಂತೆ ಬಿದ್ದಿರುತ್ತಿತ್ತು.

ಮೊನ್ನೆ ಭಾನುವಾರ ಬಿಷಪ್ಪರು ಬಂದರು. ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಸಭೆಗೆ ಪೂರಾ ಸೇರಿಸಿಕೊಂಡರು. ಅದರ ಹಿಂದೆಯೇ ನನಗೆ ಮೊದಲ ಪ್ರಭುಭೋಜನ. ಪೀಠದ ಕಟಕಟೆಯ ಮುಂದೆ ಸಾಲಾಗಿ ಮೊಣಕಾಲೂರಿದೆವು. ನನ್ನ ಎಡಕ್ಕೆ ಇದೇ ಸುಜ್ಞಾನಮ್ಮ. ರೊಟ್ಟಿ ತಿಂದೆ. ಆಮೇಲೆ ದ್ರಾಕ್ಷಾರಸದ ಬೆಳ್ಳಿ ಬಟ್ಟಲು ಬಂತು. ಎಲ್ಲರಿಗೂ ಒಂದೇ ಬಟ್ಟಲು, ಒಬ್ಬರ ತುಟಿಯಿಂದ ಇನ್ನೊಬ್ಬರ ತುಟಿಗೆ. ನಮ್ಮ ಸಭಾಪಾಲಕರು ಅದನ್ನು ನನ್ನ ಕೈಗೆ ಕೊಟ್ಟರು. ನಾನು ಮನೆಯಲ್ಲಿ ಚೊಂಬು ಎತ್ತುವ ಹಾಗೆ ಎತ್ತಿ, ತುಟಿಗೆ ಸೋಕಿಸದೆ, ಮೇಲಿನಿಂದ ಬಾಯಿಗೆ ಹುಯ್ದುಕೊಂಡೆ. ಅಷ್ಟೇ. ಎರಡು ತೊಟ್ಟು ಸೆರಗಿನ ಮೇಲೆ ಬಿತ್ತು.

ಆರಾಧನೆ ಮುಗಿಯುವವರೆಗೆ ತಡೆದುಕೊಂಡಿದ್ದರು. ಬಾಗಿಲಾಚೆ ಬಂದದ್ದೇ ತಡ, ಸುಜ್ಞಾನಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. ‘ನಮ್ ಎಂಜ್ಲು ಏಸ್ಗೆ ಆಯ್ತದೇನವ್ವ ನಿಂಗೆ? ದೇವ್ರ ಬಟ್ಲನ್ನೂ ಎತ್ಕಂಡು ಕುಡಿಯೋ ಜಾತಿಯೋಳು, ನಮ್ ಪಕ್ಕದಲ್ಲಿ ಯಾಕವ್ವ ಮಂಡಿ ಊರ್ದೆ?’ ಜನ ಸುತ್ತ ನಿಂತರು. ಒಬ್ಬಳು, ‘ಎರಡ್ ವರ್ಸ ಬೈಬಲ್ ಓದಿ ಕಲ್ತದ್ದು ಇದೇನಾ?’ ಎಂದಳು. ನಿನ್ನ ಮಾವ, ಸಭೆಯ ಹಿರಿಯರಾದ ದೇವಪುತ್ರಪ್ಪನವರು, ನೆಲ ನೋಡುತ್ತಾ ನಿಂತಿದ್ದರು. ರೂಪ ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡಳು. ಅದು ಅಳುತ್ತಿತ್ತು, ಅದಕ್ಕೇ ತೆಗೆದುಕೊಂಡಳು ಎಂದು ನನಗೆ ನಾನೇ ಹೇಳಿಕೊಂಡೆ.

ಸಂಜೆ ಸಭಾಪಾಲಕರು ಮನೆಗೆ ಬಂದರು. ಒಳ್ಳೆಯ ಮನುಷ್ಯರೇ, ಆದರೆ ಜಗಳ ಕಂಡರೆ ಜ್ವರ ಬರುವವರು. ಬರುವ ಭಾನುವಾರ ಸಭೆಯ ಮುಂದೆ ನಿಂತು, ಹುಟ್ಟಿನಿಂದ ಬಂದ ಅಭ್ಯಾಸ, ಕೈತಪ್ಪಿ ಆಯಿತು, ಕ್ಷಮಿಸಿ ಎಂದು ಹೇಳಬೇಕಂತೆ. ಹೇಳಿದರೆ ಮಗುವನ್ನು ನಾನೇ ಹಿಡಿಯಬಹುದು. ಇಲ್ಲದಿದ್ದರೆ ಆ ದಿನ ನಾನು ಹಿಂದಿನ ಬೆಂಚು, ಸುಜ್ಞಾನಮ್ಮನ ತಂಗಿಯೇ ನಮ್ಮ ಮಗುವಿನ ಪರವಾಗಿ ನಿಲ್ಲುವುದು. ನಿನ್ನ ಮಾವನೂ, ‘ಬೀಗಿತ್ತಮ್ಮ, ಒಂದ್ ಮಾತು ತೆಪ್ಪಾಯ್ತು ಅನ್ಬುಡಿ, ಅಲ್ಲಿಗೆ ಮುಗ್ದೋಯ್ತದೆ’ ಎಂದರು. ನಾನು ಖಡಾಖಂಡಿತವಾಗಿ ಆಗುವುದಿಲ್ಲ ಎಂದೆ. ನಮ್ಮ ಮನೆಯಲ್ಲಿ ಹೆತ್ತ ತಾಯಿಯ ಚೊಂಬನ್ನೂ ನಾವು ಕಚ್ಚಿ ಕುಡಿದವರಲ್ಲ. ನಾನು ಯಾರನ್ನೂ ಬೈದಿಲ್ಲ, ಹೊಡೆದಿಲ್ಲ. ನೂರು ಜನರ ಮುಂದೆ ಕೈಕಟ್ಟಿ ನಿಲ್ಲುವಂಥದ್ದು ಏನು ಮಾಡಿದೆ? ಬೇಕಾದರೆ ನನ್ನ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿಕೊಳ್ಳಲಿ.

ಇಷ್ಟು ಸಾಲದು ಎಂದು ನಿನ್ನೆ ಬೆಳಿಗ್ಗೆ ಹನೂರಿನ ಬಸ್ಸಿನಲ್ಲಿ ನಿನ್ನ ಸೋದರಮಾವನೇ ಬಂದಿಳಿದ. ಎರಡು ವರ್ಷ ಮುಖ ತೋರಿಸದವನು ಒಂದು ಚೀಲ ಅವರೆಕಾಯಿ ಹೊತ್ತು ಜಗಲಿಯ ಮೇಲೆ ಕೂತ. ಮುಖವೆಲ್ಲ ನಗು. ‘ಅಲ್ಲೂ ಎತ್ಕಂಡೇ ಕುಡುದ್ಯಂತಲ್ಲವ್ವ ಪುಟ್ಬಸಿ! ಊರೆಲ್ಲ ಅದೇ ಮಾತು. ನಮ್ಮಪ್ಪನ ಮಗಳು ಕಣವ್ವ ನೀನು. ಬಟ್ಟೆ ಗಂಟು ಕಟ್ಟು, ಊರ್ಗೋಗಮು, ನಡಿ’ ಎಂದ. ಹೋದ ವರ್ಷ ನನಗೆ ಟೈಫಾಯ್ಡ್ ಬಂದಾಗ ಬಾರದ ಅಣ್ಣ! ಸಿಟ್ಟು ಎಲ್ಲಿತ್ತೋ, ಚೀಲವನ್ನು ಎತ್ತಿ ಬೀದಿಗೆ ಎಸೆದೆ. ಅವರೆಕಾಯಿ ಆರಿಸಿಕೊಳ್ಳುತ್ತಾ, ‘ನಿಂಗೆ ತಲೆ ಕೆಟ್ಟದೆ’ ಎಂದು ಬೈದುಕೊಂಡು ಹೋದ. ಎದುರುಮನೆಯ ಎಮ್ಮೆಗೆ ಹಬ್ಬವಾಯಿತು.

ನೋಡು ಮಗ, ಅತ್ತ ಶಾಗ್ಯವೂ ಇಲ್ಲ, ಇತ್ತ ಸಭೆಯೂ ಇಲ್ಲ. ನೀನು ಮಾತ್ರ ಸರಿಯಾಗಿ ಊಟ ಮಾಡು. ರೂಪಳ ಮೇಲೆ ಸಿಟ್ಟು ಬೇಡ, ಅವಳೂ ಎರಡು ದಿನದಿಂದ ಸರಿಯಾಗಿ ಉಂಡಿಲ್ಲ. ನಿನ್ನ ಪಕ್ಕದ ಕೋಣೆಯ ಯಜಮಾನರಿಗೂ ಅವರ ಮನೆಯವರಿಗೂ ನಾನು ಕೇಳಿದೆನೆಂದು ಹೇಳು. ದೇವರು ನಿನ್ನ ಕೈಕಾಲು ಕಾಯಲಿ, ಕಂಬದ ಮೇಲೂ, ನೆಲದ ಮೇಲೂ.

ನಿನ್ನ ಅವ್ವ,
ಪುಟ್ಟಬಸಮ್ಮ

ತಾ. ಕ.: ಕಾಗದ ಮಡಚಿ ಮತ್ತೆ ಬಿಚ್ಚಿದೆ. ಟಪಾಲಿನ ಹೊತ್ತಾಯಿತು, ಬೇಗ ಬರೆಯುತ್ತೇನೆ. ಮನೆಯ ಅಭ್ಯಾಸದಿಂದ ಎತ್ತಿ ಕುಡಿದೆ ಎಂಬಂತೆ ಮೇಲೆ ಬರೆದದ್ದು ಸುಳ್ಳು. ಸುಜ್ಞಾನಮ್ಮ ನಮ್ಮ ಶಾಗ್ಯದವಳು. ಚಿಕ್ಕವಳಿದ್ದಾಗ ಅವಳು ಅವಳ ಅವ್ವನ ಜೊತೆ ನಮ್ಮ ಕಣದ ಕೆಲಸಕ್ಕೆ ಬರುತ್ತಿದ್ದಳು. ಮಧ್ಯಾಹ್ನ ಜಗಲಿಯ ಕೆಳಗೆ ಬೊಗಸೆ ಹಿಡಿದು ನಿಲ್ಲುತ್ತಿದ್ದಳು, ನಾನು ಚೊಂಬು ತಾಗದ ಹಾಗೆ ಮೇಲಿನಿಂದ ನೀರು ಹುಯ್ಯುತ್ತಿದ್ದೆ. ಎರಡು ವರ್ಷದಿಂದ ಇಬ್ಬರಿಗೂ ಗುರುತಿದೆ, ಇಬ್ಬರೂ ಬಾಯಿ ಬಿಟ್ಟಿಲ್ಲ. ಭಾನುವಾರ ಅವಳ ತುಟಿ ತಾಗಿದ ಅಂಚನ್ನು ಸಭಾಪಾಲಕರು ಬಟ್ಟೆಯಿಂದ ಒರೆಸಿದರು, ನಾನು ನೋಡಿದೆ. ನೋಡಿಯೇ ಬಟ್ಟಲನ್ನು ಎತ್ತಿ ಹಿಡಿದೆ. ಅವಳು ಕೂಗಿದ್ದು ಅಷ್ಟೂ ನಿಜ. ನಮ್ಮಣ್ಣನಿಗೆ ನಿಜ ಗೊತ್ತಾಗಿಯೇ ಅಷ್ಟು ಖುಷಿಯಾದದ್ದು. ಬರುವ ಭಾನುವಾರ ನಾನು ಎದ್ದು ನಿಲ್ಲುತ್ತೇನೆ. ಕೈತಪ್ಪಿ ಆಯಿತು ಎಂದು ಹೇಳಿಕೊಟ್ಟಿದ್ದಾರೆ; ನಾನು ಅದನ್ನು ಹೇಳುವುದಿಲ್ಲ, ಇದನ್ನು ಹೇಳುತ್ತೇನೆ. ಕೇಳಿದ ಮೇಲೆ ಮಗುವನ್ನು ನನ್ನ ಕೈಗೆ ಕೊಡುವುದು ಅನುಮಾನ. ಕೊಡದಿದ್ದರೆ ನೀನು ಬಂದು ಯಾರ ಮೇಲೂ ಜಗಳ ತೆಗೆಯಬೇಡ.