ಮೊಟ್ಟೆ ಡಬ್ಬಿಯಲ್ಲಿಟ್ಟ ಆರು ಪ್ಲಗ್ಗು

ಮಾರ್ಲಿಸ್ ಮಗಳೇ,

ಸ್ಪಾರ್ಕ್ ಪ್ಲಗ್ ಮೂಸಿ, ಡ್ರೈವರ್ ಬೆಳಿಗ್ಗೆ ಏನು ತಿಂದಿದ್ದ ಅಂತ ಹೇಳಬಲ್ಲವನು ನೆಬ್ರಾಸ್ಕಾದಲ್ಲೇ ನಾನೊಬ್ಬ. ಅಂಥ ನಾನೇ ನಿನ್ನೆ ಬಾಯಿ ಮುಚ್ಚಿಕೊಂಡೆ. ಟ್ರಕ್ಕಿನಿಂದ ಬಿಚ್ಚಿ, ಸಿಲಿಂಡರಿಗೊಂದು ಗುಳಿಯಂತೆ ಮೊಟ್ಟೆ ಡಬ್ಬಿಯಲ್ಲಿ ಸಾಲಾಗಿಟ್ಟ ಪ್ಲಗ್ಗುಗಳನ್ನು ಒಂದೇ ಸಲ ನೋಡಿ, "ಐದನೆಯದಕ್ಕೆ ಎಣ್ಣೆ ಮೆತ್ತಿದೆ, ಆ ಸಿಲಿಂಡರಿನ ಪಿಸ್ಟನ್ ರಿಂಗ್ ಸವೆದಿದೆ" ಅಂದೆಯಲ್ಲ, ನಮ್ಮಪ್ಪನಿಗೂ ಅಷ್ಟು ಬೇಗ ಹೊಳೆಯುತ್ತಿರಲಿಲ್ಲ.

ಟ್ರ್ಯಾಕ್ಟರಿನಲ್ಲಿ ಹುಲ್ಲು ತರಲು ಹೋಗುತ್ತಿದ್ದೇನೆ. ಕಾಫಿ ಒಲೆ ಮೇಲಿದೆ, ಬಿಸಿ ಮಾಡಿಕೋ. ಎಂಜಿನ್ ಮಾತ್ರ ಬಿಚ್ಚಬೇಡ. ಶನಿವಾರ ನಿನ್ನ ಕರುಗಳನ್ನು ಹರಾಜಿಗೆ ಒಯ್ಯಲು ಆ ಹಳೇ ಟ್ರಕ್ ಬಿಟ್ಟರೆ ಬೇರೆ ಗಾಡಿಯಿಲ್ಲ.

"ಅಪ್ಪಾ, ಹೋದ ವಾರ ಎರಡನೇ ಸಿಲಿಂಡರಿಗೆ ಹಾಕಿದ ಹೊಸ ಪ್ಲಗ್ ನಾಲ್ಕನೇ ಗುಳಿಗೆ ಹೇಗೆ ಬಂತು?" ಅಂತ ನಿನ್ನೆ ನೀನು ಕೇಳಿದೆ. ಇಲಿ ಎಳೆದಾಡಿರಬೇಕು ಅಂದೆ ನಾನು.

ಇಲಿಯಲ್ಲ. ಡಬ್ಬಿ ನನ್ನ ಕೈಯಿಂದಲೇ ಬಿತ್ತು. ಅಂದಾಜಿನ ಮೇಲೆ ತುಂಬಿಟ್ಟೆ. ಎಣ್ಣೆ ಮೆತ್ತಿದ ಪ್ಲಗ್ ಯಾವ ಸಿಲಿಂಡರಿನದೋ ನನಗೂ ಗೊತ್ತಿಲ್ಲ.

ಅಪ್ಪ