ಟಮೋಯಾ ಪಾಸಾದಳು

ಅಕ್ಕ ಐಸಿಲ್ಡಾ,

ಹಿತ್ತಲಿನ ದೀವಿಹಲಸಿನ ಮರದ ಬುಡದಲ್ಲಿ ಮಣ್ಣೊಳಗೆ ಮಲಗಿರುವವಳಿಗೆ ಅಂಚೆಯಲ್ಲಿ ಹಾಕುವ ಪತ್ರವಲ್ಲ ಇದು. ಆದರೂ ಹೇಳದೆ ಇರಲಾರೆ.

ಗಣಿತದಲ್ಲಿ ಪಾಸಾಗದಿದ್ದರೆ ಕಿಂಗ್‌ಸ್ಟನ್ನಿನ ಓಟದ ಸ್ಪರ್ಧೆಗೆ ಕಳಿಸುವುದಿಲ್ಲ ಎಂದಿದ್ದರು, ನಿನ್ನ ಮೊಮ್ಮಗಳು ಟಮೋಯಾಳ ಶಾಲೆಯವರು. ಭಾನುವಾರ ಶಾಲೆಯ ಬಣ್ಣದ ದಾರ ಸೇರಿಸಿ ಅವಳಿಗೆ ಜಡೆ ಹೆಣೆಯುತ್ತ, ಸೂತ್ರಗಳನ್ನು ಒಪ್ಪಿಸು ಎಂದೆ. ತಡವರಿಸಿದಾಗೆಲ್ಲ ಕೂದಲು ಜಗ್ಗಿದೆ.

“ಅಜ್ಜೀ, ಸರಿಯಾಗೇ ಹೇಳಿದ್ನಲ್ಲ, ಯಾಕ್ ಜಗ್ತೀ?”

“ನಂಗೇನೇ ಗೊತ್ತು ಸೂತ್ರ? ಬಾಯಿ ತಡೀತು, ಜಗ್ಗಿದೆ.”

ಇವತ್ತು ಪಾಸಾದಳು! ಬಸ್ಸಿಳಿದವಳು ಗುಡ್ಡವನ್ನು ಓಡುತ್ತಲೇ ಹತ್ತಿ ಬಂದು ನನ್ನನ್ನು ಎತ್ತಿ ತಿರುಗಿಸಿದಳು. ಏದುಸಿರೇ ಇಲ್ಲ. ನಿನ್ನದೇ ಕಾಲು ಕಣಕ್ಕಾ.

ಅದೇ ವಯಸ್ಸಿನಲ್ಲಿ ನೀನೂ ಇದೇ ಗುಡ್ಡ ಓಡಿ ಹತ್ತುತ್ತಿದ್ದೆ, ಸಂತೆಯ ಬುಟ್ಟಿ ತಲೆ ಮೇಲೆ. ನಿನ್ನ ಓಟ ಅಳೆಯಲು ಗಡಿಯಾರ ಹಿಡಿದು ನಿಂತವರು ಯಾರೂ ಇರಲಿಲ್ಲ.

ನಿನ್ನ ತಂಗಿ,
ಎನಿಡ್