ಬಿತ್ತನೆ ಕಾಲದ ಕುದುರೆಗಳು

ಝಾಲೆಸ್ಯೆ ಹಳ್ಳಿ,
ಮೇ ೪, ೧೯೧೪
(ನಿಮ್ಮ ಕ್ರಾಕೂವ್‌ನಲ್ಲಿ ಆಗಲೇ ಹದಿನೇಳು. ಜಾರ್ ದೊರೆಯ ಪಂಚಾಂಗವೂ ನಮ್ಮನ್ನು ಹಿಂದೆಯೇ ಇಟ್ಟಿದೆ.)

ನನ್ನ ಮುದ್ದು ಲುದ್ವಿಕ್,

ಕೆಮ್ಮು ಹೇಗಿದೆ? ಬಿಸಿ ಹಾಲಿಗೆ ಜೇನು ಹಾಕಿ ಕುಡಿಯುತ್ತಿದ್ದೀಯ ತಾನೆ? ನಾನು ಗಟ್ಟಿಯಾಗಿದ್ದೇನೆ, ಮೊಣಕಾಲು ಮಾತ್ರ ಹೇಳಿದ ಮಾತು ಕೇಳುವುದಿಲ್ಲ. ಮೊಟ್ಟೆ ಮಾರುವ ಮಾರ್ಚಿಯಾನ್ನಾ ಗಡಿಯ ಕಾವಲಿನವರ ಕಣ್ಣು ತಪ್ಪಿಸಿ, ಬುಟ್ಟಿಯ ಹುಲ್ಲಿನಡಿ ನಿನ್ನ ಕಾಗದ ತಂದುಕೊಟ್ಟಳು. ಇದೂ ಅದೇ ಬುಟ್ಟಿಯಲ್ಲಿ ಬರುತ್ತದೆ. ಓದಿ ಒಲೆಗೆ ಹಾಕು.

ನಿನ್ನ ಫೋಟೋ ನೋಡಿದೆ. ಬೂದು ಅಂಗಿ, ಟೋಪಿಯ ಮೇಲೆ ನಮ್ಮ ನಾಡಿನ ಹದ್ದು, ಹೆಗಲಿಗೆ ಮರದ ಕೋವಿ. ನಾನು ನಗಲಿಲ್ಲ. ಜಾರ್ ವಿರುದ್ಧ ಅರವತ್ತಮೂರರ ದಂಗೆಗೆ ಹೋದಾಗ ನಿನ್ನ ತಾತ ಸೆವೆರಿನ್ ಕೈಯಲ್ಲಿದ್ದದ್ದು ಕೋಲಿಗೆ ನೆಟ್ಟಗೆ ಬಿಗಿದ ಕುಡುಗೋಲು. ಅಲ್ಲಿ ನಿಮ್ಮನ್ನಾಳುವ ಆಸ್ಟ್ರಿಯಾದ ಚಕ್ರವರ್ತಿ ಕಂಡೂ ಕಾಣದಂತಿರುವಾಗಲೇ ಕವಾಯತು ಕಲಿತುಕೊಳ್ಳಿ. ಇಲ್ಲಿ ಜಾರ್ ಕೈಕೆಳಗೆ ಆ ಟೋಪಿ ಹಾಕಿದರೆ ನೇರ ಸೈಬೀರಿಯಾ. ನಿನ್ನಮ್ಮ ಹಿಟ್ಟು ನಾದುತ್ತಾ ಅಳುತ್ತಾಳೆ. "ಅಳು ಮಗಳೇ, ಹಿಟ್ಟಿಗೆ ಉಪ್ಪು ಹಾಕೋದು ಉಳೀತು" ಎಂದೆ. ಆ ದಳ ಬಿಟ್ಟು ಬಾ ಎಂದು ನಾನು ಬರೆಯುವುದಿಲ್ಲ.

ಆದರೆ ಒಂದು ಸಾಲು ಎದೆಗೆ ಚುಚ್ಚಿತು. ಯುದ್ಧ ಶುರುವಾದರೆ ನೀವು ಗಡಿ ದಾಟಿ ಬರುತ್ತೀರಂತೆ, ಊರಿಗೆ ಊರೇ ರೊಟ್ಟಿ ಉಪ್ಪು ಹಿಡಿದು ಎದುರುಗೊಳ್ಳುತ್ತದಂತೆ. ಯಾರಪ್ಪ ಹೇಳಿದ್ದು? ಮೊನ್ನೆ ಪಕ್ಕದ ಮನೆಯ ವಾಲೆಂತಿ ಬಾವಿಯ ಹತ್ತಿರ ಏನಂದ ಗೊತ್ತೇ: "ದೊಡ್ಡವರ ಮಕ್ಳ ಆಟ ಕಣಕ್ಕ. ಅವ್ರು ಬತ್ತಾರೆ, ಹಾಡ್ತಾರೆ, ಓಡೋಯ್ತಾರೆ. ಜಾರ್ ದಂಡಿನ ಕಸಾಕರು ಸುಡೋದು ನಮ್ ಸೂರನ್ನ." ಅವನನ್ನು ಹೇಡಿ ಎನ್ನಬೇಡ. ಅವನಿಗೆ ನೆನಪಿದೆ.

ತಾತನ ದಂಡು ಬಂದದ್ದು ಬಿತ್ತನೆಯ ಕಾಲದಲ್ಲಿ. ಒಂದು ಮಾತೂ ಕೇಳದೆ ನೇಗಿಲಿನಿಂದ ಕುದುರೆಗಳನ್ನು ಬಿಚ್ಚಿಕೊಂಡರು, ಬದಲಿಗೆ ಮುದ್ರೆಯೊತ್ತಿದ ಚೀಟಿ ಕೊಟ್ಟರು. ಚೀಟಿ ನೇಗಿಲು ಎಳೆಯುತ್ತದೆಯೇ? ಮೂರನೆಯ ದಿನ, ಅವರು ಕಣಜದಲ್ಲಿ ಅಡಗಿದ್ದಾಗ ಕಸಾಕರು ಸುತ್ತುವರಿದರು. ಹತ್ತೊಂಬತ್ತು ಜನ ಸತ್ತರು. ತಾತನನ್ನು ಮಾತ್ರ ನಾನು ಆಲೂಗಡ್ಡೆ ಗುಂಡಿಯಲ್ಲಿ ಬಚ್ಚಿಟ್ಟು ಉಳಿಸಿಕೊಂಡೆ. ನೀನು ಆ ಕಥೆಯನ್ನು ಮೀಸೆ ತಿರುವಿಕೊಂಡು ಹೇಳುತ್ತೀಯ, ಕುದುರೆಗಳನ್ನು ಬಿಟ್ಟು.

ಆದ್ದರಿಂದ ಹಾಡುತ್ತಾ ಬರಬೇಡ. ಮೊದಲು ವಾಲೆಂತಿಯ ಮನೆಗೆ ಹೋಗು. ಟೋಪಿ ತೆಗೆ, ಕದ ತಟ್ಟು, ಕೇಳು. ಇಲ್ಲವೆಂದರೆ ಹಸಿದುಕೊಂಡೇ ಮುಂದಿನ ಮನೆಗೆ ಹೋಗು. ನಿನ್ನ ಗೆಳೆಯರಿಗೂ ಇದನ್ನೇ ಕಲಿಸು, ಕೋವಿ ಹಿಡಿಯುವುದನ್ನು ಆಮೇಲೆ ಕಲಿಸುವಿಯಂತೆ.

ಚೆನ್ಸ್ಟೊಹೋವಾದ ದೇವಮಾತೆ ನಿನ್ನ ತಲೆ ಕಾಯಲಿ.

ನಿನ್ನ ಅಜ್ಜಿ,
ರೊಝಾಲಿಯಾ

ಮರೆತಿದ್ದೆ, ಅಲ್ಲ, ಮರೆತಿರಲಿಲ್ಲ: ಅಂದು ಕಸಾಕರಿಗೆ ಕಣಜ ತೋರಿಸಿದವನು ನನ್ನ ಅಪ್ಪ. ಬಿಚ್ಚಿಕೊಂಡು ಹೋದವುಗಳಲ್ಲಿ ಎರಡು ಕುದುರೆ ಅವನವೇ. ನಿನ್ನ ತಾತನಿಗೆ ಇದು ಗೊತ್ತಿತ್ತು. ಆದರೂ ನಮ್ಮ ಮದುವೆಯ ದಿನ ಅಪ್ಪನ ಕೈಗೆ ಮುತ್ತಿಟ್ಟು, ಕುದುರೆಗಳಿಗಾಗಿ ಕ್ಷಮೆ ಕೇಳಿದರು. ಅಪ್ಪ ಸಾಯುವವರೆಗೂ ಆ ಕೈ ನೋಡಿಕೊಂಡು ಅಳುತ್ತಿದ್ದ. ನಿನ್ನೆಯಿಂದ ನಿಮ್ಮ ಪರವಾಗಿ ಕೇಳುತ್ತಾ ಈ ಊರಿನ ಕದಗಳನ್ನು ನಾನೇ ತಟ್ಟಲು ಶುರುಮಾಡಿದ್ದೇನೆ. ವಾಲೆಂತಿ ಇನ್ನೂ ತೆರೆದಿಲ್ಲ, ನಾಳೆ ಮತ್ತೆ ಹೋಗುತ್ತೇನೆ.